ಸುಕ್ರಲೋಸ್ ಪ್ರಯೋಗಕ್ಕೆ ಅಂಗಡಿಯ ಸ್ಯಾಶೆ ಸಾಕೇ?

ಒಂದು ಗುಂಪಿಗೆ ಅಂಗಡಿಯ ಸುಕ್ರಲೋಸ್ (ಸಕ್ಕರೆಯ ಬದಲು ಬಳಸುವ ಕೃತಕ ಸಿಹಿಕಾರಕ) ಸ್ಯಾಶೆ, ಇನ್ನೊಂದಕ್ಕೆ ಏನೂ ಇಲ್ಲ, ಎರಡು ವಾರದ ನಂತರ ರಕ್ತದ ಸಕ್ಕರೆ ನೋಡುವುದು: ಇಷ್ಟು ಸಾಕೇ ಎಂದು ಕೇಳಿದ್ದೀರಿ. ಸಾಲದು.

ಸ್ಯಾಶೆಯಲ್ಲಿ ಸುಕ್ರಲೋಸ್ ಇರುವುದು ಸಾಮಾನ್ಯವಾಗಿ 12 ಮಿಲಿಗ್ರಾಂ ಆಸುಪಾಸು. ಉಳಿದದ್ದು ಸುಮಾರು 1 ಗ್ರಾಂ ಡೆಕ್ಸ್‌ಟ್ರೋಸ್ (ಅಂದರೆ ಗ್ಲೂಕೋಸ್) ಅಥವಾ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿಬಿಡುವ ಮಾಲ್ಟೋಡೆಕ್ಸ್‌ಟ್ರಿನ್. ದಿನಕ್ಕೆ ಆರು ಸ್ಯಾಶೆಯಾದರೆ ಗ್ಲೂಕೋಸ್ ಕೂಡ ಸುಮಾರು ಆರು ಗ್ರಾಂ ಹೊಟ್ಟೆಗೆ ಹೋಯಿತು. ಏರುಪೇರು ಕಂಡರೆ ಯಾವುದರ ತಲೆಗೆ ಕಟ್ಟುತ್ತೀರಿ? ಸುಕ್ರಲೋಸ್ ಇಲ್ಲದೆ ಆ ಗ್ಲೂಕೋಸ್ ಪುಡಿಯನ್ನಷ್ಟೇ ತಿನ್ನುವ ಮೂರನೇ ಗುಂಪು ಬೇಕೇ ಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ 120 ಜನರ ಪ್ರಯೋಗದಲ್ಲಿ ಅಂಥ ಗುಂಪಿತ್ತು.

ನಿಜವಾದ ಕಷ್ಟ ಜನರನ್ನು ಹುಡುಕುವುದು. ಸಿಹಿಕಾರಕ ಮುಟ್ಟದ ಆ 120 ಮಂದಿಗಾಗಿ ಅವರು 1,300ಕ್ಕೂ ಹೆಚ್ಚು ಜನರನ್ನು ಸೋಸಿದರು. ‘ಡಯಟ್ ಕೋಲಾ ಕುಡಿಯುತ್ತೀರಾ’ ಎಂದಷ್ಟೇ ಕೇಳಬೇಡಿ; ಚ್ಯೂಯಿಂಗ್ ಗಮ್, ಪ್ರೋಟೀನ್ ಪುಡಿ, ಕೆಮ್ಮಿನ ಸಿರಪ್, ಎಲ್ಲವನ್ನೂ ಹೆಸರು ಹಿಡಿದು ಕೇಳಿ.

ಗ್ಲೂಕೋಸ್ ಪರೀಕ್ಷೆಗೆ ರಾತ್ರಿಯಿಡೀ ಉಪವಾಸ, ಆಮೇಲೆ ಕುಡಿಯಲು 75 ಗ್ರಾಂ ಗ್ಲೂಕೋಸ್. 0, 30, 60, 120ನೇ ನಿಮಿಷಕ್ಕೆ ರಕ್ತ ತೆಗೆದು ಗ್ಲೂಕೋಸ್ ಜೊತೆಗೆ ಇನ್ಸುಲಿನ್ ಮಟ್ಟವನ್ನೂ ಅಳೆಯಿರಿ. ಸಾದಾ ಟ್ಯೂಬಿನಲ್ಲಿ ರಕ್ತ ಹಾಗೇ ಇಟ್ಟರೆ ಗ್ಲೂಕೋಸ್ ಗಂಟೆಗೆ ಶೇ. 5ರಷ್ಟು ಇಳಿಯುತ್ತದೆ. ಗ್ಲೂಕೋಸ್‌ಗೆ ಈ ಇಳಿಕೆ ತಡೆಯುವ ಫ್ಲೋರೈಡ್ ಟ್ಯೂಬ್ ಬಳಸಿ, ಐಸ್‌ನಲ್ಲಿಟ್ಟು ಬೇಗ ಸೆಂಟ್ರಿಫ್ಯೂಜ್ ಮಾಡಿಸಿ (ಯಂತ್ರದಲ್ಲಿ ತಿರುಗಿಸಿ ರಕ್ತಕಣ ಬೇರ್ಪಡಿಸಿ).

ಖಾಲಿ ಸ್ಯಾಶೆಗಳನ್ನು ವಾಪಸ್ ತರಿಸಿ ಎಣಿಸಿ. ಎಥಿಕ್ಸ್ ಕಮಿಟಿ ಒಪ್ಪಿಗೆ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಎರಡೂ ಮೊದಲ ವ್ಯಕ್ತಿ ಸೇರುವ ಮುನ್ನವೇ ಮುಗಿದಿರಲಿ.