ಐರಿಸ್ ಹೂವಿನ ಗಡ್ಡಕ್ಕೆ ಕೊಂಬು: ರೋಗವೇ, ಗುಣವೇ?

ಪ್ರಶ್ನೆ: ಕಳೆದ ಮೇ ತಿಂಗಳಲ್ಲಿ ಅಮೆರಿಕದ ಆರೆಗಾನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅವಳ ಹಿತ್ತಿಲಿನಲ್ಲಿ ಗಡ್ಡದ ಐರಿಸ್ ಹೂಗಳನ್ನು ಮೊದಲ ಸಲ ಕಂಡೆ. ಒಂದು ಹೂವಿನಲ್ಲಿ ಕಿತ್ತಳೆ ಬಣ್ಣದ ಗಡ್ಡವು ಎಸಳಿನ ಮೇಲೆಯೇ ಮುಗಿಯದೆ, ತುದಿಯಲ್ಲಿ ಅರ್ಧ ಇಂಚಿನಷ್ಟು ಕೊಂಬಿನಂತೆ ಮೇಲಕ್ಕೆದ್ದಿತ್ತು. ಅದೇ ಗಿಡದ ಇನ್ನೊಂದು ಹೂವಿನಲ್ಲಿ ಕೊಂಬು ಇರಲಿಲ್ಲ. ಇದೊಂದು ರೋಗವೇ? ಗೆಡ್ಡೆ ತಂದು ಬೆಂಗಳೂರಿನಲ್ಲಿ ಬೆಳೆಸಬಹುದೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ರೋಗವಲ್ಲ, ಗಾಬರಿ ಬೇಡ. ನಿಮ್ಮ ವರ್ಣನೆಯಂತೆ ಅದು ‘ಸ್ಪೇಸ್ ಏಜ್’ ಎಂದು ಕರೆಯುವ ಬಗೆಯ ಐರಿಸ್ ಇರಬೇಕು.

ಈ ಹೂವಿನಲ್ಲಿ ಮೂರು ಎಸಳುಗಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಬಾಗಿರುತ್ತವೆ. ಬಾಗಿದ ಎಸಳಿನ ನಡುಗೆರೆಯ ಮೇಲೆ ಒತ್ತಾಗಿ ಬೆಳೆದ ಕೂದಲುಗಳ ಸಾಲೇ ಗಡ್ಡ. ಜೇನ್ನೊಣವು ಆ ಸಾಲನ್ನೇ ಹಿಡಿದು ಒಳಗೆ ನುಸುಳುವಾಗ, ಅದರ ಬೆನ್ನಿಗಂಟಿದ ಪರಾಗವು ಮೇಲೆ ಚಾಚಿಕೊಂಡಿರುವ ಶಲಾಕಾಗ್ರದ, ಅಂದರೆ ಪರಾಗವನ್ನು ಹಿಡಿಯುವ ಹೂವಿನ ಹೆಣ್ಣು ಭಾಗದ, ಅಂಚಿಗೆ ತಾಗುತ್ತದೆ. ಕೆಲವು ತಳಿಗಳಲ್ಲಿ ಈ ಗಡ್ಡದ ತುದಿ ಎಸಳಿನಿಂದ ಬಿಡಿಸಿಕೊಂಡು ಮುಂದೆ ಬೆಳೆಯುತ್ತದೆ. ಅದು ಚೂಪಾಗಿದ್ದರೆ ಕೊಂಬು, ತುದಿ ಅಗಲವಾದರೆ ಚಮಚ, ಇನ್ನೂ ಹರಡಿ ಸೀರೆಯ ನೆರಿಗೆಯಂತಾದರೆ ನೆರಿಗೆ. ಕ್ಯಾಲಿಫೋರ್ನಿಯಾದ ಲಾಯ್ಡ್ ಆಸ್ಟಿನ್ 1950ರ ದಶಕದಲ್ಲಿ ಇಂಥ ಹೂಗಳನ್ನು ಹಠ ಹಿಡಿದು ಪ್ರಚಾರಕ್ಕೆ ತಂದರು. ವಿಕಾರವೆಂದು ಮೂಗು ಮುರಿದವರಿದ್ದರೂ, ಮುಂದೆ 1997ರಲ್ಲಿ ಕೊಂಬುಳ್ಳ ‘ಥಾರ್ನ್‌ಬರ್ಡ್’ ತಳಿಗೆ ಅಮೆರಿಕದ ಐರಿಸ್ ಲೋಕದ ಅತ್ಯುನ್ನತ ಗೌರವವಾದ ಡೈಕ್ಸ್ ಪದಕ ದೊರೆಯಿತು. ನನಗಂತೂ ಆ ಕೊಂಬು ಹೂವಿಗೆ ಒಂದು ಗತ್ತನ್ನು ಕೊಡುತ್ತದೆ ಎನಿಸುತ್ತದೆ.

ಎರಡನೆಯ ಹೂವಿನಲ್ಲಿ ಕೊಂಬು ಕಾಣದಿದ್ದುದು ಅಚ್ಚರಿಯಲ್ಲ. ಈ ಗುಣ ವಂಶವಾಹಿಯಿಂದ ಬಂದದ್ದಾದರೂ, ಆ ವರ್ಷದ ಹವೆ ಮತ್ತು ಗಿಡ ಎಷ್ಟು ಬೇರೂರಿದೆ ಎಂಬುದನ್ನು ಅವಲಂಬಿಸಿ ಹೆಚ್ಚು ಕಡಿಮೆಯಾಗುತ್ತದೆ. ಆದರೆ ನಿಂತ ಎಸಳಿನ ಮೇಲೆ ಗಡ್ಡ ಮೂಡುವುದು, ಮೂರರ ಬದಲು ನಾಲ್ಕು ಎಸಳು ಬಾಗುವುದು ಮುಂತಾದ ವೈಚಿತ್ರ್ಯಗಳು ಒಂದೇ ಹೂವಿನಲ್ಲಿ ಕಂಡುಬಂದರೆ, ಅವು ಬಹುಮಟ್ಟಿಗೆ ಮೊಗ್ಗು ರೂಪುಗೊಳ್ಳುವಾಗ ಆದ ಏರುಪೇರು. ಅದನ್ನು ಹೊಸ ತಳಿಯೆಂದು ಭಾವಿಸಬಾರದು.

ಬೆಂಗಳೂರಿಗೆ ತರುವ ಆಸೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಸಸ್ಯ ಸಂಪರ್ಕತಡೆಗೆ ಸಂಬಂಧಿಸಿದ 2003ರ ಆದೇಶದಂತೆ, ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗೆಡ್ಡೆಯನ್ನು ಸೂಟ್‌ಕೇಸಿನಲ್ಲಿ ತರುವಂತಿಲ್ಲ. ತಂದರೂ, ಮೊಗ್ಗು ಕಟ್ಟಲು ಗಟ್ಟಿ ಚಳಿಗಾಲ ಬೇಡುವ ಈ ಗಿಡಕ್ಕೆ ನಮ್ಮ ಜನವರಿಯ ಚಳಿ ಸಾಲದು, ಮಳೆಗಾಲದಲ್ಲಿ ಗೆಡ್ಡೆ ಕೊಳೆಯುವ ಭಯವೂ ಇದೆ. ಇಲ್ಲಿಯ ನರ್ಸರಿಗಳಲ್ಲಿ ‘ವಾಕಿಂಗ್ ಐರಿಸ್’ ಎಂದು ಸಿಗುವ ಗಿಡ ಚೆನ್ನಾಗಿ ಹೂ ಬಿಡುತ್ತದೆ. ಆದರೆ ಅದಕ್ಕೆ ಗಡ್ಡವಿಲ್ಲ.

ಬದಲಿಗೆ, ಬರುವ ವಸಂತದಲ್ಲಿ ಕೊಂಬು ಬಂದ ಕಾಂಡಕ್ಕೆ ಬಣ್ಣದ ದಾರ ಕಟ್ಟಲು ಮಗಳಿಗೆ ಹೇಳಿ. ಮೂರೂ ಎಸಳುಗಳಲ್ಲಿ ಕೊಂಬಿದೆಯೇ, ಅದು ಗಡ್ಡದ ಬಣ್ಣದ್ದೇ ಅಥವಾ ಎಸಳಿನ ಬಣ್ಣದ್ದೇ, ಮೇಲಿನ ಹೂ ಬಾಡಿದ ಮೇಲೆ ಕೆಳಗಿನ ಮೊಗ್ಗುಗಳಲ್ಲೂ ಬರುತ್ತದೆಯೇ ಎಂದು ಬರೆದಿಡಲಿ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಕೊಂಬು ಸ್ಪಷ್ಟವಾಗಿ ಕಾಣುತ್ತದೆ. ಸಾಧ್ಯವಾದರೆ ಆ ಚಿತ್ರಗಳನ್ನು ನಮಗೂ ಕಳುಹಿಸಿ.