ಓದುಗರ ಪ್ರಶ್ನೆ: ಆ ದೆವ್ವಕ್ಕೆ ಓದು ಕಲಿಸಿದ್ದು ಯಾರು?

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಫ್ಯಾಂಟಸಿ ಲೇಖಕಿ ಅರ್ಸುಲಾ ಲೆ ಗ್ವಿನ್ ಬಗ್ಗೆ, ಅವರ 'ಅರ್ಥ್‌ಸೀ' ಕಾದಂಬರಿಗಳ ಬಗ್ಗೆ ಬರೆದಿದ್ದೆ. 1929ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿದವರು, 2018ರ ಜನವರಿಯಲ್ಲಿ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ತೀರಿಕೊಂಡರು. ಅದನ್ನು ಓದಿ ಬಂದ ಪತ್ರಗಳಲ್ಲಿ ಬಹಳ ಜನ ತಮ್ಮದೇ ಕತೆಯ ಕಷ್ಟ ತೋಡಿಕೊಂಡಿದ್ದಾರೆ. ನನಗೆ ತುಂಬಾ ಖುಷಿಯಾಯಿತು. ಇಷ್ಟು ಜನ ಮಾಯಾಲೋಕದ ಕತೆಗಳನ್ನು ಬರೆಯುತ್ತಿದ್ದೀರಿ ಅಂತ ಗೊತ್ತೇ ಇರಲಿಲ್ಲ. ಈ ಸಲ ಲೆ ಗ್ವಿನ್ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಉತ್ತರ ಬರೆಯುತ್ತಿದ್ದೇನೆ.

ಫ್ಯಾಂಟಸಿ ಬರೆಯುವವರಿಗೆ ಐಡಿಯಾ ಎಲ್ಲಿಂದ ಬರುತ್ತದೆ? ನಾನು ಎಷ್ಟು ಯೋಚಿಸಿದರೂ ಓದಿದ ಪುಸ್ತಕ, ನೋಡಿದ ಸಿನಿಮಾನೇ ತಲೆಗೆ ಬರುತ್ತದೆ.
– ಪಿಯುಸಿ ವಿದ್ಯಾರ್ಥಿನಿ, ಸಾಗರ

ಲೆ ಗ್ವಿನ್ ಅವರಿಗೂ ಇದೇ ಪ್ರಶ್ನೆ ಜೀವನವಿಡೀ ಬಂತು. ಅವರ ಒಂದು ಪ್ರಸಿದ್ಧ ಕತೆಯಲ್ಲಿ 'ಓಮೆಲಾಸ್' ಅನ್ನುವ ಊರು ಇದೆ. 1973ರಲ್ಲಿ ಬಂದ ಕತೆ. ಆ ಹೆಸರು ಎಲ್ಲಿಂದ ಬಂತು ಗೊತ್ತಾ? ಕಾರಿನ ಕನ್ನಡಿಯಲ್ಲಿ ಉಲ್ಟಾ ಕಂಡ ರಸ್ತೆ ಬೋರ್ಡಿನಿಂದ. ಊರು ಸೇಲಂ. ನಮ್ಮ ಪಕ್ಕದ ತಮಿಳುನಾಡಿನ ಸೇಲಂ ಅಲ್ಲ, ಓರೆಗಾನ್‌ನ ರಾಜಧಾನಿ. ಇಂಗ್ಲಿಷ್‌ನಲ್ಲಿ ಸೇಲಂ ಅಂತ ಬರೆದು, ಕೊನೆಗೆ ಓರೆಗಾನ್‌ನ 'ಓ' ಸೇರಿಸಿ ಹಿಂದಿನಿಂದ ಓದಿದರೆ ಓಮೆಲಾಸ್!

ಅರ್ಥ್‌ಸೀ ಹುಟ್ಟಿದ್ದು ಇನ್ನೂ ಸರಳವಾಗಿ. 1967ರಲ್ಲಿ ಒಬ್ಬ ಪ್ರಕಾಶಕರು ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಬರೆದುಕೊಡಿ ಅಂದರು. ವಿಷಯ ನಿಮ್ಮಿಷ್ಟ ಅಂದರು. ಲೆ ಗ್ವಿನ್ ಮಾಂತ್ರಿಕರ ಬಗ್ಗೆ ಯೋಚಿಸಿದರು. ಕತೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರು. ಆದರೆ ಅವರೇನು ಹುಟ್ಟುವಾಗಲೇ ಮುದುಕರಾಗಿದ್ದರಾ? ಚಿಕ್ಕವರಿದ್ದಾಗ ಏನು ಮಾಡುತ್ತಿದ್ದರು, ಅಷ್ಟೊಂದು ವಿದ್ಯೆ ಎಲ್ಲಿ ಕಲಿತರು, ಕಲಿಯುವಾಗ ಏನೇನು ತಪ್ಪು ಮಾಡಿದರು? ಇಷ್ಟೇ ಪ್ರಶ್ನೆ. ಕೂತು ಮೊದಲು ಒಂದು ನಕ್ಷೆ ಬರೆದರು, ಸಮುದ್ರದ ತುಂಬ ದ್ವೀಪಗಳು. 1968ರಲ್ಲಿ ಪುಸ್ತಕ ಬಂತು. ಮೇಕೆ ಕಾಯುವ ಹುಡುಗ ಮಾಂತ್ರಿಕರ ಶಾಲೆಗೆ ಹೋಗುತ್ತಾನೆ, ಅಹಂಕಾರಕ್ಕೆ ಬಿದ್ದು ಒಂದು ನೆರಳನ್ನು ಬಿಡುಗಡೆ ಮಾಡುತ್ತಾನೆ, ಆಮೇಲೆ ಆ ನೆರಳು ಅವನ ಬೆನ್ನು ಬಿಡುವುದಿಲ್ಲ.

ಈಗ ನಿಮ್ಮ ಊರಿಗೆ ಬನ್ನಿ. ನಮ್ಮ ಹಳ್ಳಿಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ವಾ? ರಾತ್ರಿ ಹೆಣ್ಣು ದೆವ್ವ ಬರುತ್ತದೆ, ನಮಗೆ ಗೊತ್ತಿರುವವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟರೆ ಮುಗಿಯಿತು. ಬಾಗಿಲ ಮೇಲೆ ಬರೆದಿದ್ದನ್ನು ಓದಿದರೆ ಮಾತ್ರ ವಾಪಸ್ ಹೋಗುತ್ತದೆ. ಇದನ್ನು ನಾವೆಲ್ಲ ಕೇಳಿ ಕೇಳಿ ಸುಮ್ನೆ ಬಿಟ್ಟಿದ್ದೇವೆ. ಆದರೆ ಒಂದು ನಿಮಿಷ ನಿಂತು ನೋಡಿ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ! ಅದಕ್ಕೆ ಓದು ಕಲಿಸಿದ್ದು ಯಾರು? ಯಾವ ಶಾಲೆಗೆ ಹೋಗಿತ್ತು? ಬರೆದಿದ್ದನ್ನು ಅಷ್ಟು ನಂಬುವ, ದಿನಾ ನಾಳೆ ಬರುತ್ತೇನೆ ಅಂದುಕೊಂಡು ಹೋಗುವ ಆ ಹೆಂಗಸು ಬದುಕಿದ್ದಾಗ ಯಾರಾಗಿದ್ದಳು? ಈ ಪ್ರಶ್ನೆ ಕೇಳಿಕೊಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕತೆ ಬರೆಯುವ ಧೈರ್ಯ ನನಗಿನ್ನೂ ಬಂದಿಲ್ಲ, ನೀವು ಬರೆಯಿರಿ. ಸಿನಿಮಾ ತಲೆಗೆ ಬಂದರೆ ಬರಲಿ, ಅದರಲ್ಲೂ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಇರುತ್ತದೆ, ಅದನ್ನು ಹುಡುಕಿ.

ಕನ್ನಡದಲ್ಲಿ ಫ್ಯಾಂಟಸಿ ಬರೆಯುವಾಗ ಹೆಸರುಗಳೇ ದೊಡ್ಡ ತಲೆನೋವು. ಇಂಗ್ಲಿಷ್ ಥರ ಇಟ್ಟರೆ ನಕಲು ಅನ್ನಿಸುತ್ತದೆ, ನಮ್ಮ ಹೆಸರು ಇಟ್ಟರೆ ಪುರಾಣ ಅನ್ನುತ್ತಾರೆ. ಏನು ಮಾಡಲಿ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು (ಊರು ದಾವಣಗೆರೆ)

ಹೆಸರನ್ನು ಕಟ್ಟುವುದಿಲ್ಲ, ಅದು ಕಿವಿಗೆ ಕೇಳಿಸುವವರೆಗೆ ಕಾಯುತ್ತೇನೆ ಅನ್ನುವ ಅರ್ಥದಲ್ಲಿ ಲೆ ಗ್ವಿನ್ ಬರೆದಿದ್ದಾರೆ. ಸರಿಯಾದ ಹೆಸರು ಸಿಗುವ ತನಕ ಆ ಪಾತ್ರದ ಬಗ್ಗೆ ಬರೆಯಲು ಅವರಿಂದ ಆಗುತ್ತಿರಲಿಲ್ಲ. ಅರ್ಥ್‌ಸೀಯಲ್ಲಿ ಮಂತ್ರವೆಲ್ಲ ನಿಂತಿರುವುದೇ ಹೆಸರಿನ ಮೇಲೆ. ಪ್ರತಿಯೊಬ್ಬರಿಗೂ ಒಂದು ನಿಜವಾದ ಹೆಸರು ಇರುತ್ತದೆ. ಅದು ಗೊತ್ತಾದರೆ ಅವರ ಮೇಲೆ ಹಿಡಿತ ಸಿಗುತ್ತದೆ, ಅದಕ್ಕೇ ಎಲ್ಲರೂ ಗುಟ್ಟಾಗಿ ಇಡುತ್ತಾರೆ. ಆ ಮೇಕೆ ಕಾಯುವ ಹುಡುಗ ಗೆಡ್‌ಗೆ ಅವನ ಹೆಸರು ಸಿಗುವ ದಿನ ಗುರು ಅದನ್ನು ಪಿಸುಮಾತಿನಲ್ಲಿ ಹೇಳುತ್ತಾನೆ.

ಇದನ್ನು ಓದುವಾಗ ನನಗೆ ನಮ್ಮ ನಾಮಕರಣ ನೆನಪಾಗಿ ಮೈ ಜುಮ್ಮೆಂದಿತು. ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೆಸರು ಹೇಳುತ್ತೇವಲ್ಲ! ನಕ್ಷತ್ರದ ಹೆಸರು ಬೇರೆ, ಕರೆಯುವ ಹೆಸರು ಬೇರೆ. ನಮ್ಮ ಅಜ್ಜಿ ಅಜ್ಜನ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೆ ನನ್ನ ಕಡೆ ಕೈ ತೋರಿಸಿ 'ನೀನೇ ಹೇಳು ಮಗಾ' ಅನ್ನುತ್ತಿದ್ದರು. ಹೆಸರಿನ ಶಕ್ತಿ ಅಂದರೆ ಏನು ಅಂತ ಅಜ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ಸಾಮಗ್ರಿ ಮನೆಯಲ್ಲೇ ಇಟ್ಟುಕೊಂಡು ಹೆಸರಿಗೆ ಪರದಾಡಬೇಡಿ ಸರ್. ನಿಮ್ಮ ಕಡೆಯ ಹಳ್ಳಿಗಳ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ, ಕೆರೆ, ಗುಡ್ಡ, ಹೊಲದ ಹೆಸರೂ ಬರೆಯಿರಿ. ಒಂದು ಅಕ್ಷರ ಕಳೆಯಿರಿ, ಜೋರಾಗಿ ಓದಿ. ನಾಲಿಗೆಗೆ ಸಲೀಸಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಲೆ ಗ್ವಿನ್ ಆ ನಕ್ಷೆಯ ಮೂರು ಪುಟ್ಟ ದ್ವೀಪಗಳಿಗೆ ತಮ್ಮ ಮೂವರು ಮಕ್ಕಳ ಮುದ್ದು ಹೆಸರನ್ನೇ ಇಟ್ಟುಬಿಟ್ಟಿದ್ದರು. ನೀವೂ ಒಂದು ದ್ವೀಪಕ್ಕೆ ನಿಮ್ಮ ಮನೆಯ ಚಿನ್ನುವಿನ ಹೆಸರು ಇಡಿ, ಯಾರು ಬೇಡ ಅನ್ನುತ್ತಾರೆ?

ಇನ್ನೊಂದು ಮಾತು, ನೀವು ಕೇಳಿಲ್ಲ ಆದರೂ ಹೇಳುತ್ತೇನೆ. ಗೆಡ್ ಬಿಳಿಯ ಅಲ್ಲ. ತಾಮ್ರದಂಥ ಕಂದು ಮೈಬಣ್ಣದವನು. ಅರ್ಥ್‌ಸೀಯ ಹೆಚ್ಚಿನ ಜನ ಕಂದು ಅಥವಾ ಕಪ್ಪು. 1968ರಲ್ಲಿ ಲೆ ಗ್ವಿನ್ ಬೇಕೆಂದೇ ಮಾಡಿದ ಕೆಲಸ ಅದು. ಆದರೂ ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬೆಳ್ಳಗೆ ಮಾಡಿದರು. 2004ರ ಟೀವಿ ಸರಣಿಯಲ್ಲೂ ಹಾಗೇ ಆದಾಗ ಅವರು ಬಹಿರಂಗವಾಗಿ ಲೇಖನ ಬರೆದು ವಿರೋಧಿಸಿದರು. ನಮ್ಮ ಕತೆಗಳಲ್ಲಿ ರಾಜಕುಮಾರಿ ಯಾಕೆ ಯಾವಾಗಲೂ ಹಾಲಿನಂತೆ ಬೆಳ್ಳಗಿರುತ್ತಾಳೆ? ದಯವಿಟ್ಟು ಇದನ್ನು ಯೋಚಿಸಿ.

ಎರಡು ಚಿಕ್ಕ ಮಕ್ಕಳು, ಅತ್ತೆ ಮಾವ, ಅಡುಗೆ. ಬರೆಯಬೇಕು ಅಂತ ತುಂಬಾ ಆಸೆ, ಟೈಮೇ ಇಲ್ಲ. ದೊಡ್ಡ ಲೇಖಕರು ದಿನವಿಡೀ ಬರೆಯುತ್ತಾರಾ?
– ಗೃಹಿಣಿ, ಹಾಸನ

ಅಕ್ಕಾ, ಮಕ್ಕಳು ಚಿಕ್ಕವರಿದ್ದಾಗ ಲೆ ಗ್ವಿನ್ ಮಕ್ಕಳನ್ನು ಮಲಗಿಸಿ ರಾತ್ರಿ ಬರೆಯುತ್ತಿದ್ದರು. ಮುಂದೆ ಒಂದು ಸಂದರ್ಶನದಲ್ಲಿ ತಮ್ಮ ಮನಸ್ಸಿಗೆ ಒಪ್ಪುವ ಆದರ್ಶ ದಿನಚರಿ ಹೇಳಿದ್ದಾರೆ. ಐದೂವರೆಗೆ ಎಚ್ಚರ, ಹಾಸಿಗೆಯಲ್ಲೇ ಮಲಗಿ ಯೋಚನೆ. ಆರೂಕಾಲಿಗೆ ಹೊಟ್ಟೆ ತುಂಬ ತಿಂಡಿ. ಏಳೂಕಾಲರಿಂದ ಮಧ್ಯಾಹ್ನದ ತನಕ ಬರವಣಿಗೆ. ಊಟ ಆದಮೇಲೆ ಓದು, ಸಂಗೀತ. ಮೂರರಿಂದ ಐದು ಪತ್ರಗಳಿಗೆ ಉತ್ತರ, ಸಾಧ್ಯವಾದರೆ ಮನೆ ಕ್ಲೀನಿಂಗ್. ಆಮೇಲೆ ರಾತ್ರಿಯ ಅಡುಗೆ, ಊಟ. ಹಾಸಿಗೆಯಲ್ಲಿ ಯೋಚಿಸುತ್ತಾ ಮಲಗಿದ ಆ ಮುಕ್ಕಾಲು ಗಂಟೆಯನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದಾರೆ ನೋಡಿ. ನೀವು ರೊಟ್ಟಿ ತಟ್ಟುವಾಗ ಯೋಚಿಸಿದ್ದೂ ಲೆಕ್ಕಕ್ಕೆ ಬರುತ್ತದೆ.

ಆದರೆ ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಒಬ್ಬರೇ ಎರಡು ಪೂರ್ಣಾವಧಿ ಕೆಲಸ ಮಾಡಲು ಆಗುವುದಿಲ್ಲ, ಆದರೆ ಇಬ್ಬರು ಪ್ರಾಮಾಣಿಕವಾಗಿ ಹಂಚಿಕೊಂಡರೆ ಮೂರು ಕೆಲಸ ಮಾಡಬಹುದು ಅಂತ ಲೆ ಗ್ವಿನ್ ಬರೆದಿದ್ದಾರೆ. ಗಂಡ ಚರಿತ್ರೆಯ ಪ್ರಾಧ್ಯಾಪಕರು, ಅವರದು ಒಂದು ಕೆಲಸ, ಇವರ ಬರವಣಿಗೆ ಒಂದು, ಮನೆ ಮಕ್ಕಳು ಇನ್ನೊಂದು. ಈ ಪುಟವನ್ನು ಯಜಮಾನರ ಕೈಗೆ ಕೊಡಿ. ವಾರದಲ್ಲಿ ಎರಡು ಸಂಜೆ ಅಡುಗೆಮನೆ ಅವರದು ಅಂತ ನಾನೇ ಹೇಳಿದೆ ಅನ್ನಿ.

ಏಳು ಸಲ ಕತೆ ವಾಪಸ್ ಬಂದಿದೆ. ಬಿಟ್ಟುಬಿಡಲಾ?
– ಶಿಕ್ಷಕರು, ಗಂಗಾವತಿ

ಬೇಡ. ಲೆ ಗ್ವಿನ್ 1951ರಿಂದ 1961ರವರೆಗೆ ಐದು ಕಾದಂಬರಿ ಬರೆದರು, ಎಲ್ಲವೂ ವಾಪಸ್ ಬಂದವು. ದುಡ್ಡು ಬಂದ ಮೊದಲ ಕತೆ ಅಚ್ಚಾಗಿದ್ದು 1962ರಲ್ಲಿ. ಎಂಟನೇ ವಿಷಾದ ಪತ್ರ ಬಂದರೆ ನನಗೆ ತಿಳಿಸಿ, ಕತೆಯನ್ನು ನಾನೂ ಓದುತ್ತೇನೆ.

ನನ್ನ ಕತೆ ಓದಿದವರು ಅದಕ್ಕೆ ನಾನು ಅಂದುಕೊಳ್ಳದ ಅರ್ಥ ಹೇಳುತ್ತಾರೆ. ತಿದ್ದಬೇಕಾ?
– ಓದುಗ, ಕುಮಟಾ

ತಿದ್ದಬೇಡಿ. ಯಾರೂ ಓದದ ಕತೆ ಬರೀ ಕಾಗದದ ಮೇಲಿನ ಕಪ್ಪು ಗುರುತು, ಓದುವವರು ಓದಿದಾಗಲೇ ಅದಕ್ಕೆ ಜೀವ ಅನ್ನುವುದು ಲೆ ಗ್ವಿನ್ ಅವರ ನಿಲುವು. ಅರ್ಥ ಹೇಳಿ ಅಂತ ದುಂಬಾಲು ಬಿದ್ದವರಿಗೆ, ಅದು ನಿಮ್ಮ ಕೆಲಸ, ನನ್ನದಲ್ಲ ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ. ಒಬ್ಬರು ನಿಮ್ಮ ಕತೆಯನ್ನು ತಮ್ಮ ಬದುಕಿಗೆ ಹೊಂದಿಸಿಕೊಂಡು ಅರ್ಥ ಮಾಡಿಕೊಂಡರು ಅಂದರೆ ಅದು ಅವರ ಮನೆ ಸೇರಿತು ಅಂತ ಅಲ್ವಾ? ಸುಮ್ನೆ ಕೇಳಿಸಿಕೊಳ್ಳಿ, ಮುಂದಿನ ಕತೆಗೆ ಬೇಕಾಗುತ್ತದೆ.

ನನಗೆ ತುಂಬಾ ಇಷ್ಟ ಆದ ಕತೆ ಬರೆದವರಿಗೆ ಪತ್ರ ಬರೀಬೇಕು. ಉತ್ತರ ಕೊಡ್ತಾರಾ? ಏನು ಬರೀಬೇಕು?
– ಆರನೇ ಕ್ಲಾಸ್ ಹುಡುಗ, ಮೈಸೂರು

ಪುಟ್ಟಾ, ಖಂಡಿತ ಬರಿ. ಲೆ ಗ್ವಿನ್ ಅಜ್ಜಿ ರೆಕ್ಕೆ ಇರುವ ನಾಲ್ಕು ಬೆಕ್ಕಿನ ಮರಿಗಳ ಪುಸ್ತಕ ಬರೆದಿದ್ದರು. ಅದನ್ನು ಓದಿದ ಚಿಕ್ಕ ಮಕ್ಕಳು ಅವರಿಗೆ ಪತ್ರ ಬರೆಯುತ್ತಿದ್ದರು, ಚಿತ್ರ ಬರೆದು ಕಳಿಸುತ್ತಿದ್ದರು. ಎಂಬತ್ತು ದಾಟಿದ ಮೇಲೂ ಅವರಿಗೆ ಆ ಪತ್ರಗಳೆಂದರೆ ಪ್ರೀತಿ. ಟೀಚರ್ ಹೇಳಿದರು ಅಂತ ಬರೆದ ಪತ್ರಕ್ಕಿಂತ, ಮಗು ತನಗೆ ಅನ್ನಿಸಿದ್ದನ್ನು ತನ್ನದೇ ತಪ್ಪು ಕಾಗುಣಿತದಲ್ಲಿ ಬರೆದ ಪತ್ರ ಅವರಿಗೆ ಜಾಸ್ತಿ ಇಷ್ಟ.

ಹಾಗಾಗಿ ಅಮ್ಮನಿಗೆ ತೋರಿಸಿ ತಿದ್ದಿಸಬೇಡ. ಯಾವ ಜಾಗದಲ್ಲಿ ಹೆದರಿಕೆ ಆಯಿತು, ಎಲ್ಲಿ ಬೋರ್ ಆಯಿತು, ಆ ಕತೆಯಲ್ಲಿ ಮುಂದೆ ಏನಾಗಬೇಕಿತ್ತು ಅಂತ ನಿನಗೆ ಅನ್ನಿಸಿತೋ ಅದನ್ನು ಬರಿ. ಒಂದು ಚಿತ್ರವನ್ನೂ ಬರಿ. ಪ್ರಕಾಶಕರ ವಿಳಾಸ ಪುಸ್ತಕದ ಒಳಗೆ ಮೊದಲ ಪುಟಗಳಲ್ಲೇ ಇರುತ್ತದೆ, ಅಲ್ಲಿಗೆ ಕಳಿಸಿದರೆ ಅವರು ಲೇಖಕರಿಗೆ ತಲುಪಿಸಬಹುದು. ಉತ್ತರ ಬರಲು ತಡ ಆಗಬಹುದು, ಬೇಜಾರು ಮಾಡಿಕೊಳ್ಳಬೇಡ. ಮತ್ತೆ, ಅಂಚೆ ಡಬ್ಬಿಗೆ ಹಾಕುವ ಮುಂಚೆ ಪತ್ರದ ಕೆಳಗೆ ನಿನ್ನ ವಿಳಾಸ ಬರೆದಿದ್ದೀಯಾ ಅಂತ ಇನ್ನೊಂದು ಸಲ ನೋಡಿಕೋ. ನನಗೆ ಬರೆದ ಪತ್ರದಲ್ಲಿ ಅದನ್ನು ಮರೆತಿದ್ದೀಯ.