ತಪ್ಪು ವಾರ್ನಿಷ್ ಡಬ್ಬದ್ದಲ್ಲ

ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಒಂದೇ ಪ್ರಶ್ನೆ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಬ್ರಷ್ ಹಿಡಿಯುವುದು ಹೇಗೆ ಎಂದೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಕಬಿನಿ ಹಿನ್ನೀರಿನ ಹತ್ತಿರ ನಮ್ಮದೊಂದು ಸಣ್ಣ ಹುಟ್ಟಿನ ದೋಣಿ ಇದೆ. ಮೈ ಫೈಬರ್. ಕೂರುವ ಹಲಗೆ, ಅಂಚಿನ ಪಟ್ಟಿ, ಕಾಲಿಡುವ ಪಟ್ಟಿಗಳು ತೇಗದವು. ಎರಡು ವರ್ಷದಲ್ಲಿ ಮೂರು ಸಲ ವಾರ್ನಿಷ್ ಹೊಡೆಸಿದೆವು. ಪ್ರತಿ ಸಲವೂ ಸಿಪ್ಪೆ ಏಳುತ್ತದೆ. ಯಾವ ಕಂಪನಿಯದು ಒಳ್ಳೆಯದು? (ಎಚ್.ಡಿ. ಕೋಟೆಯಿಂದ)

ಉತ್ತರ: ಕಂಪನಿ ಬದಲಾಯಿಸಿ ಪ್ರಯೋಜನವಿಲ್ಲ. ಎದ್ದ ಸಿಪ್ಪೆಯೊಂದನ್ನು ಉಗುರಿನಿಂದ ಕಿತ್ತು ತಿರುಗಿಸಿ ನೋಡಿ. ಒಳಮೈ ಗಾಜಿನ ಹಾಗೆ ನುಣ್ಣಗಿದ್ದರೆ, ವಾರ್ನಿಷ್ ಮರವನ್ನು ಹಿಡಿದೇ ಇರಲಿಲ್ಲ. ಬೂದು ಪುಡಿ ಅಂಟಿದ್ದರೆ, ಬಿಸಿಲಿಗೆ ಸತ್ತ ಮೇಲ್ಪದರದ ಮೇಲೇ ಹೊಡೆದಿದ್ದಾರೆ.

ತೇಗದೊಳಗೆ ಅದರದೇ ಎಣ್ಣೆ ಇದೆ. ಅದು ನೀರಿಗೂ ಗೆದ್ದಲಿಗೂ ಸುಲಭಕ್ಕೆ ಜಗ್ಗದಿರಲು ಆ ಎಣ್ಣೆಯೂ ಒಂದು ಕಾರಣ. ಆದರೆ ಅದೇ ಎಣ್ಣೆ ವಾರ್ನಿಷನ್ನು ಅಂಟಲು ಬಿಡುವುದಿಲ್ಲ. ಮನೆ ಬಾಗಿಲಿಗೆ ಪಾಲಿಶ್ ಮಾಡುವವರನ್ನೇ ಕರೆಸಿದ್ದೀರಿ ಅಂತ ಕಾಣುತ್ತದೆ. ಅವರು ಮೊದಲು ಸೀಲರ್, ಅಂದರೆ ಮರದ ಸಣ್ಣ ರಂಧ್ರಗಳನ್ನು ಮುಚ್ಚುವ ಅಡಿಪದರ, ಬಳಿದು, ಅದರ ಮೇಲೆ ಹೊಳಪು ಕೊಡುತ್ತಾರೆ. ಮನೆಯೊಳಗೆ ಅದು ಚೆನ್ನ. ಬಿಸಿಲು, ನೀರಿನಲ್ಲಿ ಮೊದಲು ಕೈಕೊಡುವುದೇ ಆ ಸೀಲರ್. "ಮೇಲೆ ಇನ್ನೊಂದು ಕೋಟ್ ಎಳೆದುಬಿಡೋಣ ಸಾರ್" ಎನ್ನುವವರನ್ನು ದಯವಿಟ್ಟು ವಾಪಸ್ ಕಳಿಸಿ.

ಹಳೆಯದನ್ನೆಲ್ಲ ಕೆರೆದು ತೆಗೆಯಿರಿ, ಒಂದು ಚುಕ್ಕೆಯೂ ಉಳಿಯಬಾರದು. 80 ನಂಬರ್ ಉಪ್ಪುಕಾಗದದಿಂದ ಶುರು ಮಾಡಿ, 120 ದಾಟಿ, 180ಕ್ಕೆ ನಿಲ್ಲಿಸಿ. ಮರದ ಎಳೆ ಹೋದ ಕಡೆಗೇ ಉಜ್ಜಬೇಕು. ಮೂಗಿಗೆ ಮಾಸ್ಕ್ ಇರಲಿ, ತೇಗದ ಧೂಳು ಒಳ್ಳೆಯದಲ್ಲ. ಆಮೇಲೆ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಹಳದಿಯಾಗುತ್ತದೆ, ಅದೇ ಎಣ್ಣೆ. ಬಟ್ಟೆ ಬದಲಾಯಿಸಿ ಮತ್ತೆ ಒರೆಸಿ. ಮರ ಒಣಗಿದ ಕೂಡಲೇ ಮೊದಲ ಕೋಟ್ ಬೀಳಬೇಕು. ಇವತ್ತು ಒರೆಸಿ ನಾಳೆ ಹೊಡೆದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ, ಪಟ್ಟ ಶ್ರಮವೆಲ್ಲ ದಂಡ.

ವಾರ್ನಿಷ್ ಹೊರಗಿನ ಬಿಸಿಲು ತಡೆಯುವ, ದೋಣಿಗೆಂದೇ ಮಾಡಿದ್ದಾಗಿರಬೇಕು. ಮೊದಲ ಕೋಟ್‌ಗೆ ಸಮಪಾಲು ಟರ್ಪೆಂಟೈನ್ ಬೆರೆಸಿ, ಎರಡನೆಯದಕ್ಕೆ ಕಾಲುಭಾಗ, ಆಮೇಲೆ ಸ್ವಲ್ಪವೇ. ಡಬ್ಬದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ದಿನಕ್ಕೊಂದೇ ಕೋಟ್. ಮೂರನೆಯದರಿಂದ ಮುಂದೆ, ನಡುನಡುವೆ 220ರಲ್ಲಿ ಹಗುರಾಗಿ ಉಜ್ಜಿ. ಆರು ಕೋಟ್‌ಗಿಂತ ಕಡಿಮೆ ಬೇಡವೇ ಬೇಡ. ಹಲಗೆಯ ಕೊನೆ, ಮೊಳೆಯ ತೂತು, ಸಂದು, ಇವಕ್ಕೆ ಇನ್ನೂ ಒಂದೆರಡು ಜಾಸ್ತಿ. ನೀರು ಒಳಗೆ ನುಗ್ಗುವುದು ಅಲ್ಲಿಂದಲೇ.

ನಮ್ಮ ಮೈಸೂರು ಕಡೆ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಬೆಳಗಿನ ಇಬ್ಬನಿ ಆರಿದ ಮೇಲೆ ಹತ್ತು ಗಂಟೆಗೆ ಶುರು ಮಾಡಿ, ಮೂರಕ್ಕೆ ಬ್ರಷ್ ಇಡಿ. ನೆರಳಲ್ಲೇ ಮಾಡಿ, ಬಿಸಿಲಲ್ಲಿ ಗುಳ್ಳೆ ಬರುತ್ತದೆ. ಹಸಿ ವಾರ್ನಿಷ್ ಮೇಲೆ ಸಂಜೆ ಮಂಜು ಬಿದ್ದರೆ ಹೊಳಪು ಹೋಗಿ ಮಂಕಾಗುತ್ತದೆ.

ಕಾಲಿಡುವ ಪಟ್ಟಿಗಳಿಗೆ ಮಾತ್ರ ಏನೂ ಬಳಿಯಬೇಡಿ. ಒದ್ದೆಯಾದ ವಾರ್ನಿಷ್ ಮೇಲೆ ಕಾಲು ಜಾರುತ್ತದೆ, ದೋಣಿಯಲ್ಲಿ ಜಾರಿದರೆ ಬೀಳುವುದು ನೀರಿಗೆ. ಬರೀ ತೇಗ ಸಾಕು.

ಇಷ್ಟು ಮಾಡಿದ ಮೇಲೆ ಪ್ರತಿ ವರ್ಷ ಮಳೆಗೆ ಮುಂಚೆ, ಸಿಪ್ಪೆ ಏಳುವುದನ್ನು ಕಾಯದೆ, ಹಗುರಾಗಿ ಉಜ್ಜಿ ಎರಡು ಕೋಟ್ ಕೊಡಿ.

ಪ್ರಶ್ನೆ: ತೇಗ ಬೂದು ಬಣ್ಣಕ್ಕೆ ತಿರುಗಿದೆ. ಕೊಳೆತಿದೆಯೇ?

ಉತ್ತರ: ಇಲ್ಲ, ಬಿಸಿಲಿನ ಬಣ್ಣ ಅದು. ಪ್ರೆಶರ್ ವಾಷರ್ ಮಾತ್ರ ಹಿಡಿಯಬೇಡಿ, ಮರದ ಮೆತ್ತನೆ ಭಾಗ ಕಿತ್ತುಹೋಗುತ್ತದೆ.

ಪ್ರಶ್ನೆ: ಹಳೇ ಎಂಜಿನ್ ಆಯಿಲ್ ಬಳಿದರೆ ಬಾಳಿಕೆ ಬರುತ್ತದಂತೆ, ಹೌದೇ?

ಉತ್ತರ: ಖಂಡಿತ ಬೇಡ. ಅದು ಒಣಗುವುದಿಲ್ಲ, ಬಟ್ಟೆಗೆ ಹತ್ತುತ್ತದೆ, ಮೀನಿರುವ ನೀರಿಗೆ ಸೇರುತ್ತದೆ.

ಪ್ರಶ್ನೆ: ಅರಗಿನ ಪಾಲಿಶ್ ಆಗುವುದಿಲ್ಲವೇ? ಮೈಸೂರಿನದೇ ಹೆಸರಾದ ಪದಾರ್ಥವಲ್ವಾ?

ಉತ್ತರ: ಹೆಸರೇನೋ ನಿಜ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಇಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಶುರುವಾಯಿತು, ಚುನಾವಣೆಯ ಶಾಯಿ ಮಾಡುವುದು ಈಗಲೂ ಅಲ್ಲೇ. ಆದರೆ ಅರಗಿನ ಮೇಲೆ ನೀರು ನಿಂತರೆ ಬೆಳ್ಳಗಾಗುತ್ತದೆ. ತೊಟ್ಟಿಲಿಗೆ ಹಾಕಿ, ದೋಣಿಗೆ ಬೇಡ.

ಪ್ರಶ್ನೆ: ಅಂಗಡಿಯವರು ಅಗಸೆ ಎಣ್ಣೆ ಸಾಕು ಎನ್ನುತ್ತಾರೆ.

ಉತ್ತರ: ನಾನು ಬೇಡ ಎನ್ನುತ್ತೇನೆ. ತೇವದಲ್ಲಿ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಹಾಕಿಯೇ ತೀರುತ್ತೇನೆ ಎನ್ನುವವರಿಗೆ ಒಂದು ಮಾತು. ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಗುಡ್ಡೆ ಹಾಕಿದ ಬಟ್ಟೆ ಕಡ್ಡಿ ಗೀರದೆಯೂ ಹೊತ್ತಿಕೊಳ್ಳುತ್ತದೆ. ನನ್ನ ಶೆಡ್ಡಿನಲ್ಲೇ ಒಮ್ಮೆ ಹೊಗೆ ಎದ್ದಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ಅಂದಿನಿಂದ ಪ್ರತಿ ಬಟ್ಟೆಯನ್ನೂ ನೀರಿನ ಬಕೆಟ್‌ನಲ್ಲಿ ಮುಳುಗಿಸಿಯೇ ಮನೆಗೆ ಹೋಗುತ್ತೇನೆ.